ಮೇಷ್ಟ್ರ ಮನೆಗೆ ಎರಡು ಮೂಟೆ ಅಕ್ಕಿ

ಶನಿವಾರ ಸಂಜೆ ಟೀವಿಯಲ್ಲಿ ಕೂತು "ಯಾರೂ ಏನನ್ನೂ ಕೂಡಿಡಬೇಡಿ" ಎಂದು ನಾಡಿಗೆಲ್ಲ ಬುದ್ಧಿ ಹೇಳಿದ ಮುನೀಂದ್ರ ಮೇಷ್ಟ್ರು, ಭಾನುವಾರ ಬೆಳಗ್ಗೆ ಏಳೂವರೆಗೆ ಎರಡು ಮೂಟೆ ಅಕ್ಕಿ, ಒಂದು ಡಬ್ಬ ಎಣ್ಣೆ, ಹತ್ತು ಕೆಜಿ ಬೇಳೆ, ಹತ್ತು ಕೆಜಿ ಬೆಲ್ಲ ತರಲು ಮನೆಯಿಂದ ಹೊರಟರು. ಹೊರಟರು ಅಂದರೆ ತಪ್ಪಾದೀತು. ಅವರನ್ನು ಹೊರಡಿಸಲಾಯಿತು. ಚೀಟಿ ಬರೆದವರು ಅವರ ಹೆಂಡತಿ ವೇಣಿ. ಆ ಮನೆಯಲ್ಲಿ ಚೀಟಿ ಬರೆದ ಮೇಲೆ ಚರ್ಚೆಗೆ ಅವಕಾಶವಿಲ್ಲ.

ಮೇಷ್ಟ್ರು ನಾಗಸಂದ್ರದ ಒಂದು ಖಾಸಗಿ ಕಾಲೇಜಿನಲ್ಲಿ ಇಪ್ಪತ್ತೆಂಟು ವರ್ಷದಿಂದ ಅರ್ಥಶಾಸ್ತ್ರ ಪಾಠ ಮಾಡುತ್ತಿದ್ದರು. ಅಷ್ಟು ವರ್ಷದಲ್ಲಿ ದೇಶದ ಆರ್ಥಿಕ ನೀತಿಯ ಬಗ್ಗೆ ಅವರ ಅಭಿಪ್ರಾಯವೇನು ಎಂದು ಒಬ್ಬ ನರಪಿಳ್ಳೆಯೂ ಕೇಳಿರಲಿಲ್ಲ. ಆ ವರ್ಷ ದೊಡ್ಡ ದೊಡ್ಡ ಹಣಕಾಸು ಕಂಪನಿಗಳು ಒಂದರ ಹಿಂದೆ ಒಂದು ಮಗುಚಿಕೊಂಡು, ಪೀಣ್ಯದ ಕಾರ್ಖಾನೆಗಳು ವಾರಕ್ಕೆ ಮೂರೇ ದಿನ ಬಾಗಿಲು ತೆರೆಯುವ ಹಾಗಾದಾಗ ಮೇಷ್ಟ್ರ ಶುಕ್ರದೆಸೆ ಶುರುವಾಯಿತು. ಟೀವಿಯವರ ಖಾಯಂ ತಜ್ಞರಿಗೆ ಗಂಟಲು ಕಟ್ಟಿತ್ತು. ಯಾರೋ ಇವರ ನಂಬರು ಕೊಟ್ಟರು.

ಸಿಕ್ಕ ನಾಲ್ಕು ನಿಮಿಷದಲ್ಲಿ ಮೇಷ್ಟ್ರು ಇಪ್ಪತ್ತೆಂಟು ವರ್ಷದ್ದನ್ನೆಲ್ಲ ಹೇಳಿಬಿಟ್ಟರು. ಕಷ್ಟಕಾಲದಲ್ಲಿ ಎಲ್ಲರೂ ಒಟ್ಟಿಗೆ ಮುಷ್ಟಿ ಬಿಗಿ ಹಿಡಿದರೆ ಎಲ್ಲರೂ ಒಟ್ಟಿಗೆ ಮುಳುಗುತ್ತೇವೆ. ಸರ್ಕಾರ ಸಾಲ ಮಾಡಿಯಾದರೂ ಜನಕ್ಕೆ ಕೆಲಸ ಕೊಡಬೇಕು. ಉಳ್ಳವರು ಖರ್ಚು ಮಾಡಬೇಕು. ಇಲ್ಲದವರು ಹೆದರಿ ಅಕ್ಕಿ, ಬೇಳೆ ಕೂಡಿಡಬಾರದು. ನಿರೂಪಕಿ ಅವರನ್ನು "ಖ್ಯಾತ ಆರ್ಥಿಕ ತಜ್ಞರು" ಎಂದಳು. ಆ ಮಾತು ಕಿವಿಯಲ್ಲಿ ಇನ್ನೂ ಬೆಚ್ಚಗಿರುವಾಗಲೇ ಬೆಳಗ್ಗೆ ಕೈಗೆ ಚೀಟಿ ಬಂದಿತ್ತು.

"ನಿನ್ನೆ ಅಷ್ಟೆಲ್ಲಾ ಹೇಳಿ ಇವತ್ತು ಮೂಟೆ ಹೊತ್ಕೊಂಡು ಬಂದ್ರೆ ಜನ ಏನಂತಾರೆ ಕಣೇ?" ಎಂದರು ಮೇಷ್ಟ್ರು.

"ಜನಕ್ಕೆ ಹೇಳಿದ್ದು ಜನಕ್ಕೆ. ನಮ್ಮನೆಗೆ ಇವತ್ತು ಬೀಗರು ಬರ್ತಾರೆ," ಎಂದರು ವೇಣಿ.

ಅದು ನಿಜ. ಮಗಳು ಶೈಲಾ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸಕ್ಕಿದ್ದಳು. ಅಲ್ಲೇ ಕೆಲಸ ಮಾಡುವ ಪ್ರಸನ್ನನನ್ನು ಮದುವೆಯಾಗುತ್ತೇನೆ ಎಂದು ಎರಡು ವರ್ಷದಿಂದ ಹಟ ಹಿಡಿದಿದ್ದಳು. ಹುಡುಗ ಬಂಗಾರದಂಥವನು. ತೊಡಕು ಇದ್ದದ್ದು ಅವನಪ್ಪ ಮಡಿವಾಳಪ್ಪನವರಲ್ಲಿ. ಧಾರವಾಡದ ಕಡೆಯಿಂದ ಬಂದು ಮಾಕಳಿಯಲ್ಲಿ ನಟ್ಟು ಬೋಲ್ಟು ಮಾಡುವ ಕಾರ್ಖಾನೆ ಹಾಕಿ ಮೂವತ್ತು ವರ್ಷವಾಗಿದ್ದ ಈ ಮನುಷ್ಯ ಒಮ್ಮೆ ಆಡಿದ ಮಾತನ್ನು ಹಿಂದೆ ತೆಗೆದುಕೊಂಡವರಲ್ಲವಂತೆ. ಮೇಷ್ಟ್ರು ಅವರ ಮುಖ ನೋಡಿರಲಿಲ್ಲ, ದನಿಯನ್ನಷ್ಟೇ ಫೋನಿನಲ್ಲಿ ಕೇಳಿದ್ದರು. ಹೋದ ವಾರ ಆ ದನಿ ಒಪ್ಪಿಗೆ ಕೊಟ್ಟಿತ್ತು. ಅಷ್ಟೇ ಅಲ್ಲ, ದಿನಮಾನ ನೆಟ್ಟಗಿಲ್ಲ, ಗುಡಿಯಲ್ಲಿ ತಾಳಿ ಕಟ್ಟಿಸಿ ಐವತ್ತು ಜನಕ್ಕೆ ಊಟ ಹಾಕಿದರೆ ಮುಗಿಯಿತು ಎಂದೂ ಹೇಳಿತ್ತು. ಫೋನ್ ಇಟ್ಟ ಮೇಲೆ ಮೇಷ್ಟ್ರು ದೇವರ ಮನೆಗೆ ಹೋಗಿ ಊದುಬತ್ತಿ ಹಚ್ಚಿದರು. ಮೇಷ್ಟ್ರ ಸಂಬಳದಲ್ಲಿ ಗುಡಿಯ ಮದುವೆ ಹೇಗೋ ನಡೆಯುತ್ತಿತ್ತು, ಛತ್ರದ ಮದುವೆಯನ್ನು ನೆನೆಸಿಕೊಳ್ಳುವಂತೆಯೂ ಇರಲಿಲ್ಲ. ಇಡೀ ದೇಶದಲ್ಲಿ ಆ ಮುಗ್ಗಟ್ಟಿನಿಂದ ಉಪಕಾರ ಪಡೆದವನು ಯಾರಾದರೂ ಇದ್ದರೆ ಅದು ಮೇಷ್ಟ್ರೊಬ್ಬರೇ.

ಮಧ್ಯಾಹ್ನ ಮೂರೂವರೆಗೆ ಗಂಡಿನ ಕಡೆಯವರು ಮೂವತ್ತೊಂದು ಜನ ಬಂದು, ಹೋಳಿಗೆ ಊಟ ಮಾಡಿ, ತಾಂಬೂಲ ಬದಲಾಯಿಸಿ ಹೋಗುವುದು ಎಂದು ಗೊತ್ತಾಗಿತ್ತು. ಇಂಥ ದಿನ ಗಂಡಿನ ಕಡೆಯ ಹೆಂಗಸರು ಕೈ ತೊಳೆಯುವ ನೆಪ ಮಾಡಿ ಅಡುಗೆಮನೆಗೆ ಬಂದೇ ಬರುತ್ತಾರೆ, ಉಗ್ರಾಣಕ್ಕೆ ಕಣ್ಣು ಹಾಯಿಸಿಯೇ ಹಾಯಿಸುತ್ತಾರೆ. ಅಲ್ಲಿ ಮೂಟೆ ಕಾಣದಿದ್ದರೆ ಊರಿಗೆ ಹೋಗಿ ಏನು ಹೇಳುತ್ತಾರೆ ಎನ್ನುವುದು ವೇಣಿಗೆ ಚೆನ್ನಾಗಿ ಗೊತ್ತಿತ್ತು, ಯಾಕೆಂದರೆ ತಮ್ಮನಿಗೆ ಹೆಣ್ಣು ನೋಡಲು ಹೋದಾಗ ಅವರೂ ಅದನ್ನೇ ಮಾಡಿದ್ದರು. ಅದಕ್ಕೇ ಎರಡು ಮೂಟೆ.

ಇದಕ್ಕಿಂತ ಮುಖ್ಯವಾದ ಇನ್ನೊಂದು ಕಟ್ಟಪ್ಪಣೆಯಿತ್ತು. ತಾಂಬೂಲ ಆಗುವವರೆಗೆ ಬೀದಿಯಲ್ಲಿ ಯಾರಿಗೂ ಸುಳಿವು ಸಿಗಬಾರದು. ಹಿಂದೆ ಬೇರೆ ಎರಡು ಗಂಡಿನ ಕಡೆಯವರು ವಿಚಾರಿಸಲು ಬಂದಾಗ ಎದುರುಮನೆ ಈಶ್ವರಮ್ಮ ಕಾಫಿ ಕೊಟ್ಟು ಕೂರಿಸಿಕೊಂಡು, ಹುಡುಗಿ ಚಿನ್ನ, ಆದರೆ ಮನೆಗೆ ಬರುವುದು ಯಾವ ಹೊತ್ತಿಗೋ ನಮಗಂತೂ ಗೊತ್ತಾಗಲ್ಲಪ್ಪ ಎಂದು ಉಪಕಾರ ಮಾಡಿದ್ದರು. ಎರಡೂ ಸಂಬಂಧ ಅಲ್ಲಿಗೇ ನಿಂತಿದ್ದವು. ಯಾರು ಏನು ಕೇಳಿದರೂ ಬಾಯಿ ಬಿಡುವುದಿಲ್ಲ ಎಂದು ಮೇಷ್ಟ್ರು ಮಗಳ ತಲೆ ಮುಟ್ಟಿ ಹೇಳಿದ್ದರು. ಮೇಷ್ಟ್ರು ಮಾತಿಗೆ ತಪ್ಪುವವರಲ್ಲ. ಆ ದಿನದ ಅವಾಂತರಕ್ಕೆಲ್ಲ ಅದೇ ಮೂಲ.

ಬೀದಿಯ ಕಣ್ಣಿಗೆ ಬೀಳಬಾರದೆಂದು ಮೇಷ್ಟ್ರು ಓಣಿಯ ಮುರಿಗೆಪ್ಪನ ಅಂಗಡಿ ಬಿಟ್ಟು, ಎರಡು ಮೈಲಿ ಆಚೆಯ ಸಗಟು ಅಂಗಡಿಗೆ ಹೋಗಿ ಸಾಮಾನು ಕಟ್ಟಿಸಿದರು. ಲಗೇಜ್ ಆಟೋ ಮಾಡಿ, ಮೇಲೆ ಟಾರ್ಪಾಲು ಹೊದಿಸಿದರು. ಎಲ್ಲ ಲೆಕ್ಕಾಚಾರವೂ ಸರಿಯಾಗಿತ್ತು. ಆದರೆ ಅವರು ಅಂಗಡಿಯಲ್ಲಿದ್ದ ಒಂದು ಗಂಟೆಯಲ್ಲಿ ಯಾವುದೋ ಇಲಾಖೆಯವರು ಬಂದು ಬೀದಿಯ ತುದಿಯನ್ನು ಅಡ್ಡಡ್ಡ ಅಗೆದು, ತಿಂಡಿಗೆ ಹೋಗಿದ್ದರು. ಆಟೋದವನು ಹಳ್ಳ ನೋಡಿ, ಇಲ್ಲಿಂದಾಚೆ ನಿಮ್ಮ ಹಣೆಬರಹ ಸಾರ್ ಎಂದು ಮೂಟೆಗಳನ್ನು ಬೀದಿಬಾಯಲ್ಲಿ ಇಳಿಸಿ ಹೋದ. ಟಾರ್ಪಾಲನ್ನೂ ತೆಗೆದುಕೊಂಡು ಹೋದ.

ದುಡಿಯುವ ಬೋಲ್ಟು ಕಾರ್ಖಾನೆಗೆ ರಜೆಯಿದ್ದ ಕಾರಣ ಭೀಮಪ್ಪ ಅಲ್ಲೇ ಹಳ್ಳ ನೋಡುತ್ತ ನಿಂತಿದ್ದ. ವಿಜಯಪುರದ ಕಡೆಯವನು, ಎದುರುಮನೆ ಹನುಮಂತಯ್ಯನವರ ಸಾಲುಕೋಣೆಯೊಂದರಲ್ಲಿ ಹೆಂಡತಿ ಮಲಕವ್ವನ ಜೊತೆ ಬಾಡಿಗೆಗಿದ್ದ. ಪರೋಪಕಾರಿ. ಬೇಡವೆನ್ನುವ ಮೊದಲೇ ಒಂದು ಮೂಟೆ ಅವನ ಹೆಗಲೇರಿತು. ಬೀದಿಯುದ್ದಕ್ಕೂ ಅವನು ಮುಂದೆ, ಎಣ್ಣೆ ಡಬ್ಬ ಹಿಡಿದ ಮೇಷ್ಟ್ರು ಹಿಂದೆ. ಒಂದು ಮೂಟೆ ಇಳಿಸಿ ಇನ್ನೊಂದಕ್ಕೆ ಹೋಗುವಾಗ ಅವನಿಗೆ ಅನುಮಾನ ಬಂತು.

"ಸರ, ನಿನ್ನಿ ಟೀವ್ಯಾಗ ಕೂಡಿಡಬ್ಯಾಡ್ರಿ ಅಂದವ್ರು ನೀವ ಅಲ್ರೀ?"

"ಹೌದಪ್ಪ."

"ಮತ್ತ ಇದು?"

"ಇದು... ಮನೆಗೆ ಬೇಕಿತ್ತು."

ಭೀಮಪ್ಪ ಅತ್ತಿತ್ತ ನೋಡಿದ. ಆಮೇಲೆ ದನಿ ತಗ್ಗಿಸಿ, "ತಿಳೀತ್ರಿ ಸರ. ಯಾರ ಮುಂದೂ ಹೇಳಂಗಿಲ್ಲ" ಎಂದ. ನೇರವಾಗಿ ಮನೆಗೆ ಹೋಗಿ ಮಲಕವ್ವನ ಮುಂದೆ ಹೇಳಿದ. ಹೆಂಡತಿಯನ್ನು ಅವನು ಆ ಲೆಕ್ಕಕ್ಕೆ ಹಿಡಿದಿರಲಿಲ್ಲ.

ಅರ್ಧ ಗಂಟೆಯಲ್ಲಿ ಈಶ್ವರಮ್ಮನ ಗಂಡ ಹನುಮಂತಯ್ಯ ಬಂದರು. ನಾಗಸಂದ್ರ ಹಳ್ಳಿಯಾಗಿದ್ದಾಗಿನಿಂದ ಅಲ್ಲಿದ್ದ ಮನೆತನ. ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಬಾಡಿಗೆ ಕೋಣೆ ಬೆಳೆಸಿದ್ದರು. ಮೇಷ್ಟ್ರು ಅವರನ್ನು ಒಳಗೆ ಕರೆಯುವಂತಿರಲಿಲ್ಲ, ಒಳಗೆ ಹೂರಣ ರುಬ್ಬುವುದು ನಡೆದಿತ್ತು. ಬಾಗಿಲಿಗೆ ಅಡ್ಡ ನಿಂತೇ ಮಾತಾಡಿಸಿದರು.

"ಸಾ, ಟೀವೀಲಿ ಯೋಳಾದು ಯೋಳಿದ್ರಿ, ಅದು ನಿಮ್ ಡ್ಯೂಟಿ. ಈಗ ನಂಗೊಬ್ಬಂಗೆ ಯೋಳಿ, ಎಷ್ಟು ಮೂಟೆ ತಗಂಡ್ರೆ ಸೇಫು?"

ಮೇಷ್ಟ್ರು ಹದಿನೈದು ನಿಮಿಷ ನಿಂತು ವಿವರಿಸಿದರು. ದೇಶದ ಉಗ್ರಾಣಗಳಲ್ಲಿ ದಾಸ್ತಾನು ಬೇಕಾದಷ್ಟಿದೆ, ಈಗಿನ ತೊಂದರೆ ಇರುವುದು ಹಣದ ಓಡಾಟದಲ್ಲೇ ಹೊರತು ಅಕ್ಕಿಯಲ್ಲಲ್ಲ, ಭಯವೊಂದೇ ನಿಜವಾದ ಅಪಾಯ ಎಂದರು. ಹನುಮಂತಯ್ಯ ಎಲ್ಲಕ್ಕೂ ತಲೆಯಾಡಿಸಿದರು. ಅವರ ಲೆಕ್ಕ ಬೇರೆಯಿತ್ತು. ಏನೂ ಆಗುವುದಿಲ್ಲ ಎನ್ನಲು ಓದಿದ ಮನುಷ್ಯನಿಗೆ ಹದಿನೈದು ನಿಮಿಷ ಬೇಕಾಯಿತು ಎಂದರೆ ಏನೋ ಆಗುತ್ತದೆ. ಅಷ್ಟರಲ್ಲಿ ಹೂರಣದ ವಾಸನೆ ಬೀದಿಗೆ ಹೋಗದಿರಲೆಂದು ವೇಣಿ ಒಂದೊಂದೇ ಕಿಟಕಿಯನ್ನು ದಬದಬ ಮುಚ್ಚತೊಡಗಿದರು. ಹಗಲುಹೊತ್ತಿನಲ್ಲಿ ಮೇಷ್ಟ್ರ ಮನೆಯ ಕಿಟಕಿಗಳೆಲ್ಲ ಮುಚ್ಚಿಕೊಂಡದ್ದನ್ನು ಹನುಮಂತಯ್ಯ ಕಣ್ಣಾರೆ ಕಂಡು, ಮನೆಗೂ ಹೋಗದೆ ಮುರಿಗೆಪ್ಪನ ಅಂಗಡಿಗೇ ಹೋಗಿ ಆರು ಮೂಟೆಗೆ ಹೇಳಿದರು.

ಆಮೇಲೆ ನಡೆದದ್ದನ್ನು ಹೇಳಲು ಅರ್ಥಶಾಸ್ತ್ರ ಬೇಡ. ಹನುಮಂತಯ್ಯನವರ ಆರು ಮೂಟೆ ನೋಡಿ ಪಕ್ಕದ ಮನೆಯವರು ನಾಲ್ಕಕ್ಕೆ ಹೇಳಿದರು. ನಾಲ್ಕು ನೋಡಿದವರು ಓಡಿದರು. ಓಡುವವರನ್ನು ನೋಡಿ ಹಿಂದಿನ ಬೀದಿಯವರೂ ಓಡಿ ಬಂದು, ಸಾಲಿನಲ್ಲಿ ನಿಂತುಕೊಂಡು, ಇದು ಯಾವುದರ ಸಾಲು ಎಂದು ಕೇಳಿದರು. ಮುರಿಗೆಪ್ಪನಿಗೆ ಮೊದಲು ಗಾಬರಿಯಾಯಿತು, ಆಮೇಲೆ ಖುಷಿಯಾಯಿತು, ಆಮೇಲೆ ಬುದ್ಧಿ ಬಂತು. ಎಂಟು ಗಂಟೆಯ ಬೆಲೆ ಹತ್ತು ಗಂಟೆಗೆ ಇರಲಿಲ್ಲ. ಹತ್ತು ಗಂಟೆಯದ್ದು ಹನ್ನೊಂದಕ್ಕೆ ಇರಲಿಲ್ಲ.

ವೇಣಿ ಬಾಳೆ ಎಲೆ ಸಾಲದು ಎಂದು ಕಳಿಸಿದಾಗ ಮೇಷ್ಟ್ರು ಆ ಸಾಲನ್ನು ನೋಡಿದರು. ನೂರು ಜನವಾದರೂ ಇದ್ದರು. ಕೊನೆಯಲ್ಲಿ ಮಲಕವ್ವ ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದು ನಿಂತಿದ್ದಳು.

"ನಿನಗ್ಯಾಕಮ್ಮ ಮೂಟೆ? ಇರೋರು ಇಬ್ಬರು," ಎಂದರು ಮೇಷ್ಟ್ರು.

"ಸಿಗಂಗಿಲ್ಲ ಅಂತಲ್ರೀ ಸರ ಮುಂದ. ನಮ್ಮ ಮನಿಯವ್ರ ವಾರದ ಪಗಾರ ಪೂರಾ ತಂದೀನಿ," ಎಂದಳು ಮಲಕವ್ವ. "ನೀವ ತಗೊಂಡೀರಿ ಅಂದಮ್ಯಾಲ ನಮ್ಮಂಥವ್ರು ಬಿಡ್ಲಿಕ್ಕೆ ಆಗ್ತದೇನ್ರಿ?"

ಮೇಷ್ಟ್ರಿಗೆ ಕಪಾಳಕ್ಕೆ ಹೊಡೆದ ಹಾಗಾಯಿತು. ವಾರಕ್ಕೆ ಮೂರು ದಿನದ ಕೂಲಿ, ಅದನ್ನೂ ತನ್ನ ಉಗ್ರಾಣದ ಜಂಬಕ್ಕಾಗಿ ಈ ಹೆಂಗಸು ಮುರಿಗೆಪ್ಪನ ಗಲ್ಲಾಪೆಟ್ಟಿಗೆಗೆ ಸುರಿಯಲು ನಿಂತಿದ್ದಾಳೆ. ಅವರಿಗೆ ನಿಜವಾಗಿ ನಾಚಿಕೆಯಾಯಿತು. ಮೂರೂವರೆಯೊಳಗೆ ಈ ಸಾಲನ್ನು ಕರಗಿಸಿಯೇ ಮನೆಗೆ ಹೋಗುವುದು, ಅದೂ ಬೀಗರ ಗುಟ್ಟು ಬಿಡದೆ ಎಂದು ನಿಶ್ಚಯ ಮಾಡಿದರು. ಬಾಳೆ ಎಲೆಯನ್ನು ಭೀಮಪ್ಪನ ಕೈಲಿ ಮನೆಗೆ ಕಳಿಸಿ, ಮುರಿಗೆಪ್ಪನ ಅಂಗಡಿಯ ಸ್ಟೂಲನ್ನು ಹೊರಗೆಳೆದು ಹತ್ತಿದರು.

ಮೊದಲ ಭಾಷಣ ಚೆನ್ನಾಗಿಯೇ ಇತ್ತು. ಜನ ಕೇಳಿದರು. ಕೇಳಿ ಮುಗಿದ ಮೇಲೆ ಈಶ್ವರಮ್ಮ ಸಾಲಿನಿಂದಲೇ, ಅದೆಲ್ಲ ಸರಿ, ಎರಡು ಮೂಟೆ ಯಾಕೆ ತಂದಿರಿ ಅಂತ ಒಂದು ಮಾತು ಹೇಳಿಬಿಡಿ ಎಂದರು. ಮೇಷ್ಟ್ರು ಬಾಯಿ ತೆರೆದು, ಮಗಳ ತಲೆ ನೆನಪಾಗಿ ಮುಚ್ಚಿದರು. ಆ ಒಂದು ಕ್ಷಣದಲ್ಲಿ ಸಾಲು ಇನ್ನೂ ಹತ್ತು ಜನ ಬೆಳೆಯಿತು.

ಮೇಷ್ಟ್ರು ಸೋಲುವ ಪೈಕಿಯವರಲ್ಲ. ಮಾತಿಗಿಂತ ಕೃತಿ ಮೇಲು ಎಂದುಕೊಂಡು ಮನೆಗೆ ನಡೆದರು. ವೇಣಿ ಹಿತ್ತಲಿನಲ್ಲಿದ್ದ ಸಮಯ ನೋಡಿ, ಭೀಮಪ್ಪನ ಹೆಗಲಿಗೆ ಒಂದು ಮೂಟೆ ಮತ್ತೆ ಏರಿಸಿ, ಮೆರವಣಿಗೆಯಂತೆ ಬೀದಿಯಲ್ಲಿ ವಾಪಸು ತಂದು ಮುರಿಗೆಪ್ಪನ ಅಂಗಡಿ ಮುಂದೆ ಇಳಿಸಿದರು. ನೋಡಿ, ನನಗೇ ಬೇಡ ಎಂದರು. ಮುರಿಗೆಪ್ಪ ಚೀಲದ ಮೇಲಿನ ಹೆಸರು ಓದಿ, ಇದು ನಮ್ಮ ಅಂಗಡಿಯದಲ್ಲವಲ್ಲ ಸಾರ್ ಎಂದು ಗೊಣಗಿದ. ದುಡ್ಡು ಕೇಳಿದರೆ ತಾನೇ ಜಗಳ ಎಂದು ಮೇಷ್ಟ್ರು ಅದನ್ನು ಪುಕ್ಕಟೆ ಬಿಟ್ಟುಕೊಟ್ಟರು.

ಸಾಲು ಸ್ತಬ್ಧವಾಯಿತು. ಗೆದ್ದೆ ಎಂದುಕೊಂಡರು ಮೇಷ್ಟ್ರು. ಆದರೆ ಸಾಲಿನಲ್ಲಿ ನಿಂತವರಿಗೆ ಯೋಚಿಸಲು ಬೇಕಾದಷ್ಟು ಬಿಡುವಿರುತ್ತದೆ. ಇಷ್ಟು ತಿಳಿದವರು ದುಡ್ಡೂ ಕೇಳದೆ ಅಕ್ಕಿ ಬಿಟ್ಟು ಹೋಗುತ್ತಿದ್ದಾರೆ ಎಂದರೆ ಒಂದೋ ನಾಳೆ ಬೆಲೆ ನೆಲಕ್ಕೆ ಬೀಳುತ್ತದೆ, ಇಲ್ಲ ಅಕ್ಕಿಯಲ್ಲೇ ಏನೋ ಇದೆ. ಹನುಮಂತಯ್ಯ ಮೊದಲನೆಯದು ಎಂದರು, ಈಶ್ವರಮ್ಮ ಎರಡನೆಯದು ಎಂದರು. ಗಂಡ ಹೆಂಡತಿ ಯಾವುದರಲ್ಲೂ ಒಪ್ಪಿದವರಲ್ಲ, ಆದರೆ ಆರು ಮೂಟೆಯನ್ನೂ ಈಗಲೇ ವಾಪಸು ಕೊಡಬೇಕು ಎನ್ನುವುದರಲ್ಲಿ ಒಂದಾದರು. ಮಧ್ಯಾಹ್ನ ಒಂದೂವರೆಯ ಹೊತ್ತಿಗೆ ಮುರಿಗೆಪ್ಪನ ಅಂಗಡಿ ಮುಂದೆ ಎರಡು ಸಾಲುಗಳಿದ್ದವು. ಒಂದು ಕೊಳ್ಳುವವರದು, ಇನ್ನೊಂದು ಹಿಂದಿರುಗಿಸುವವರದು. ಕೆಲವರು ಎರಡರಲ್ಲೂ ಹೆಂಡತಿ ಮಕ್ಕಳನ್ನು ನಿಲ್ಲಿಸಿ ನಡುವೆ ಓಡಾಡುತ್ತಿದ್ದರು.

ಮುರಿಗೆಪ್ಪ ಶಟರ್ ಅರ್ಧ ಎಳೆದು, ಕೈ ಮುಗಿದು, ನೀವು ಸ್ಟೂಲ್ ಇಳಿದು ಮನೆಗೆ ಹೋಗಿಬಿಡಿ ಸಾರ್, ನನ್ನ ವ್ಯಾಪಾರ ನಾನು ನೋಡಿಕೊಳ್ಳುತ್ತೇನೆ ಎಂದು ಬೇಡಿಕೊಂಡ. ಮೇಷ್ಟ್ರು ಕದಲಲಿಲ್ಲ. ಫೋನು ಒಂದೇ ಸಮ ಬಡಿದುಕೊಳ್ಳುತ್ತಿತ್ತು. ಮೂರನೇ ಸಲ ಎತ್ತಿದರೆ ವೇಣಿ, ಉಗ್ರಾಣದಲ್ಲಿ ಒಂದೇ ಮೂಟೆ ಇದೆ, ಇನ್ನೊಂದು ಎಲ್ಲಿ ಎಂದರು. ದೇಶದ ಕೆಲಸದಲ್ಲಿದ್ದೇನೆ, ಆಮೇಲೆ ಹೇಳುತ್ತೇನೆ ಎಂದು ಮೇಷ್ಟ್ರು ಫೋನು ಇಟ್ಟರು. ಮದುವೆಯಾದಾಗಿನಿಂದ ಹಾಗೆ ಫೋನಿಟ್ಟದ್ದು ಅದೇ ಮೊದಲು. ಅವರ ನಿಶ್ಚಯ ಎಷ್ಟು ಗಟ್ಟಿಯಿತ್ತು ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಡ.

ಮೂರು ಗಂಟೆಗೆ ಒಂದು ಬಿಳಿ ಟೆಂಪೊ ಟ್ರಾವೆಲರ್ ಬೀದಿಬಾಯಿಗೆ ಬಂದು, ಹಳ್ಳ ನೋಡಿ ನಿಂತಿತು. ಅದರ ಹಿಂದೆ ಇನ್ನೊಂದು ನಿಂತಿತು. ಮೇಷ್ಟ್ರು ಅತ್ತ ನೋಡಲಿಲ್ಲ. ಬೆವರಿ, ದನಿ ಒಡೆದು, ಅಂಗಿಯ ತುಂಬ ಅಕ್ಕಿಹಿಟ್ಟು ಮೆತ್ತಿಕೊಂಡು ಅವರು ಆ ದಿನದ ಮೂರನೆಯ ಭಾಷಣದಲ್ಲಿದ್ದರು. ಈ ಸಲ ಪುಸ್ತಕದ ಮಾತು ಬಿಟ್ಟಿದ್ದರು. ಮುರಿಗೆಪ್ಪನಿಗೆ ವ್ಯಾಪಾರವಾದರೆ ಅವನು ಅಂಗಡಿಗೆ ಹೊಸ ಕಪಾಟು ಮಾಡಿಸುತ್ತಾನೆ. ಕಪಾಟಿಗೆ ಬೋಲ್ಟು ಬೇಕು. ಬೋಲ್ಟು ಬೇಕಾದರೆ ಭೀಮಪ್ಪನ ಕಾರ್ಖಾನೆ ಆರು ದಿನ ನಡೆಯುತ್ತದೆ. ಭೀಮಪ್ಪನಿಗೆ ಕೂಲಿ ಬಂದರೆ ಮುರಿಗೆಪ್ಪನಿಗೆ ವ್ಯಾಪಾರ. ಇಷ್ಟೇ ದೇಶ. ಇದರಲ್ಲಿ ಯಾವನೋ ಒಬ್ಬ ಉಳ್ಳವನು ಹೆದರಿ ಗಂಟು ಬಿಗಿದರೆ ಎಲ್ಲರ ಒಲೆಯೂ ಆರುತ್ತದೆ.

"ಹಂಗಾರ ನಾ ಈ ಪಗಾರ ಖರ್ಚ ಮಾಡ್ಬೇಕೇನ್ರಿ?" ಎಂದಳು ಮಲಕವ್ವ.

"ನೀನಲ್ಲಮ್ಮ. ನೀನು ಅದನ್ನ ಗಂಟು ಹಾಕಿ ಮನೆಗೆ ಹೋಗು. ನಾನು ಹೇಳ್ತಿರೋದು ಉಳ್ಳವರಿಗೆ."

ಗುಂಪಿನ ಹಿಂದಿನಿಂದ ಒಂದು ಗಟ್ಟಿ ದನಿ ಬಂತು. "ಉಳ್ಳವ್ರು ಅಂದ್ರ ಯಾರ್ರೀ?"

ಬಿಳಿ ಅಂಗಿ, ಬಿಳಿ ಪಂಚೆ, ಹಣೆಯಲ್ಲಿ ವಿಭೂತಿ, ಎತ್ತರದ ಮನುಷ್ಯ. ಬೆಳಗ್ಗಿನಿಂದ ಒಬ್ಬನಾದರೂ ಸರಿಯಾದ ಪ್ರಶ್ನೆ ಕೇಳಿದನಲ್ಲ ಎಂದು ಮೇಷ್ಟ್ರಿಗೆ ಜೀವ ಬಂದ ಹಾಗಾಯಿತು.

"ತಿಂಗಳಿಗೆ ತಪ್ಪದೆ ಸಂಬಳ ಬರೋರು. ತಲೆ ಮೇಲೆ ಸ್ವಂತ ಸೂರಿರೋರು."

"ಅಂಥವ್ರು ಇಂಥಾ ದಿನದಾಗೂ ಖರ್ಚ ಮಾಡ್ಬೇಕು?"

"ಇಂಥ ದಿನದಲ್ಲೇ ಮಾಡಬೇಕು. ಒಳ್ಳೆ ದಿನದಲ್ಲಿ ಯಾರು ಬೇಕಾದರೂ ಮಾಡ್ತಾರೆ."

"ನಿಮಗ ಪಗಾರ ಬರ್ತೈತಿ?"

"ಬರುತ್ತೆ."

"ಸ್ವಂತ ಮನಿ?"

"ಇದೆ."

"ಹಂಗಾರ ನೀವೂ ಬಂದ್ರಿ ಆ ಲೆಕ್ಕದಾಗ."

ಬೀದಿಯೆಲ್ಲ ಮೇಷ್ಟ್ರನ್ನೇ ನೋಡುತ್ತಿತ್ತು. ಕೊನೆಗೂ ಎಲ್ಲರೂ ಕಿವಿಗೊಟ್ಟ ಆ ಘಳಿಗೆಯಲ್ಲಿ ಮೇಷ್ಟ್ರು ಎದೆಗೆ ಕೈಯಿಟ್ಟುಕೊಂಡರು. "ನನ್ನಿಂದಲೇ ಶುರುವಾಗಲಿ ಸ್ವಾಮಿ. ಇಷ್ಟು ಜನದ ಮುಂದೆ ಹೇಳ್ತಿದೀನಿ."

ಆ ಮಾತಿನಲ್ಲಿ ಎಳ್ಳಷ್ಟೂ ಸುಳ್ಳಿರಲಿಲ್ಲ. ಅದು ಜನಕ್ಕೂ ಗೊತ್ತಾಯಿತು. ಮಲಕವ್ವ ಸೆರಗಿಗೆ ಗಂಟು ಹಾಕಿಕೊಂಡು ಸಾಲು ಬಿಟ್ಟಳು. ಅವಳ ಹಿಂದೆ ಇನ್ನಿಬ್ಬರು ಬಿಟ್ಟರು. ಹತ್ತು ನಿಮಿಷದಲ್ಲಿ ಎರಡೂ ಸಾಲುಗಳು ಕರಗಿದವು. ಹನುಮಂತಯ್ಯ ತಮ್ಮ ಮೂಟೆಗಳ ಮೇಲೆ ಕೂತುಕೊಂಡು, ಮೇಷ್ಟ್ರು ಇಂಗೆ ಮೊದ್ಲೇ ಯೋಳಬಾರದಿತ್ತಾ ಎಂದು ದೂರಿದರು. ಮೇಷ್ಟ್ರು ಸ್ಟೂಲಿನಿಂದ ಇಳಿದಾಗ ಮನಸ್ಸು ಹತ್ತಿಯಂತೆ ಹಗುರಾಗಿತ್ತು. ಇಪ್ಪತ್ತೆಂಟು ವರ್ಷದ ವಿದ್ಯೆ ಕಡೆಗೂ ನಾಲ್ಕು ಜನರ ಕೆಲಸಕ್ಕೆ ಬಂದಿತ್ತು. ಅವರು ಮನೆಯ ಕಡೆ ಓಡಿದರು.

ಅಂಗಿ ಬದಲಿಸಿ ಹೊರಗೆ ಬರುವಷ್ಟರಲ್ಲಿ ನಡುಮನೆಯಲ್ಲಿ ಮೂವತ್ತೊಂದು ಜನ ಕೂತಿದ್ದರು. ನಡುವಿನ ಕುರ್ಚಿಯಲ್ಲಿ ಅದೇ ಬಿಳಿ ಪಂಚೆ, ಅದೇ ವಿಭೂತಿ. ಪಕ್ಕದಲ್ಲಿ ಪ್ರಸನ್ನ ನೆಲ ನೋಡುತ್ತಿದ್ದ. ನೆರೆಹೊರೆಯವರು ಬಾಗಿಲಲ್ಲಿ, ಕಿಟಕಿಯಲ್ಲಿ, ಜಾಗ ಸಿಕ್ಕಲ್ಲಿ ನಿಂತು ನೋಡುತ್ತಿದ್ದರು. ಗುಟ್ಟು ಎನ್ನುವ ಮಾತು ಅಲ್ಲಿಗೆ ಮುಗಿದಿತ್ತು.

ಮಡಿವಾಳಪ್ಪನವರು ಎದ್ದು ಬಂದು ಮೇಷ್ಟ್ರ ಎರಡೂ ಕೈ ಹಿಡಿದುಕೊಂಡರು. ಅಂಥ ಮನುಷ್ಯನ ಕಣ್ಣು ತೇವವಾಗಿತ್ತು. ತಾನು ಹೆದರಿದ್ದು ನಿಜ, ಗುಡಿ ಮದುವೆ ಎಂದದ್ದು ಆ ಹೆದರಿಕೆಯಿಂದಲೇ, ಇವತ್ತು ಆ ಬೀದಿಯಲ್ಲಿ ನಿಂತು ತಲೆ ತಗ್ಗಿಸಿದೆ ಎಂದರು. ಜೀವನದಲ್ಲಿ ಆಡಿದ ಮಾತು ಹಿಂದೆ ತೆಗೆದುಕೊಂಡವನಲ್ಲ, ಇದೊಂದನ್ನು ತೆಗೆದುಕೊಳ್ಳುತ್ತೇನೆ ಎಂದರು.

"ಯಾವುದನ್ನ?" ಎಂದರು ಮೇಷ್ಟ್ರು. ಸಂಬಂಧವೇ ಮುರಿಯಿತು ಎಂದುಕೊಂಡಿದ್ದರು.

"ಐವತ್ತು ಮಂದಿ ಅಂದಿದ್ನಲ್ರೀ, ಅದನ್ನ. ಎರಡು ಸಾವಿರ ಮಂದಿ ಕರೆಯೋಣ. ಮೂರು ದಿನದ ಲಗ್ನ. ಬಾಳೆ ಎಲಿಯವ್ರು, ಹೂವಿನವ್ರು, ವಾಲಗದವ್ರು, ಅಡಗಿಯವ್ರು, ಎಲ್ಲಾರೂ ಮೂರು ತಿಂಗಳಿಂದ ಖಾಲಿ ಕುಂತಾರ. ಅವ್ರ ಒಲಿ ಹತ್ತಲಿ. ಇದು ಲಗ್ನ ಅಲ್ರೀ ಬೀಗ್ರ, ದೇಶದ ಕೆಲಸ."

ಕಿಟಕಿಯಲ್ಲಿದ್ದವರು ಚಪ್ಪಾಳೆ ತಟ್ಟಿದರು. ಮೇಷ್ಟ್ರು ಅಷ್ಟಕ್ಕೇ ಬಿಡುವವರಲ್ಲ. ಒಟ್ಟು ದೇಶಕ್ಕೆ ಸರಿಯಾದದ್ದು ಒಂದೊಂದು ಮನೆಗೂ ಸರಿಯಾಗಬೇಕೆಂದಿಲ್ಲ ಎಂದು ಆರಂಭಿಸಿದರು. ಉಳಿತಾಯದ ಪರವಾಗಿಯೂ ದೊಡ್ಡ ದೊಡ್ಡ ಪಂಡಿತರು ಬರೆದಿದ್ದಾರೆ, ನಿಜ ಹೇಳಬೇಕೆಂದರೆ ಅವರ ವಾದವೇ ಹೆಚ್ಚು ಗಟ್ಟಿ ಎಂದರು. ಇಪ್ಪತ್ತೆಂಟು ವರ್ಷ ಯಾವ ವಾದವನ್ನು ತರಗತಿಯಲ್ಲಿ ಪುಡಿ ಮಾಡಿದ್ದರೋ ಅದನ್ನೇ ಈಗ ಬೆವರು ಸುರಿಸಿ ಎತ್ತಿ ನಿಲ್ಲಿಸಿದರು. ಮಡಿವಾಳಪ್ಪನವರು ಪೂರ್ತಿ ಕೇಳಿ, ವಿದ್ವಾಂಸರ ವಿನಯ ಅಂದರೆ ಇದು ನೋಡಿ ಎಂದು ತಮ್ಮ ಕಡೆಯವರಿಗೆ ತೋರಿಸಿದರು.

ಉಳಿದದ್ದು ಒಂದೇ ಆಸೆ. 'ಕರೆಯೋಣ' ಎಂದರಲ್ಲ, ಖರ್ಚು ಯಾರದು? ಮೇಷ್ಟ್ರು ಅದನ್ನು ಬಹಳ ಸುತ್ತು ಬಳಸಿ ಕೇಳಿದರು.

"ನಮ್ಮ ಕಡೆ ಆಗಿದ್ರ ಗಂಡಿನವ್ರ ಮಾಡ್ತೀವ್ರಿ," ಎಂದರು ಮಡಿವಾಳಪ್ಪನವರು. "ಆದ್ರ ಈ ಊರಿನ ನೀರು ಕುಡದು ಮೂವತ್ತು ವರ್ಷ ಆತು. ಇಲ್ಲಿ ಪದ್ಧತಿ ಹೆಣ್ಣಿನವ್ರು ಮಾಡಿಕೊಡೋದಲ್ರೀ? ನಾ ನಡುವ ಬಂದು ನಿಮ್ಮ ಪದ್ಧತಿ ಮುರಿಯಂಗಿಲ್ಲ. ಅದೂ ನನ್ನಿಂದಲೇ ಶುರು ಅಂತ ನೀವು ಎದಿ ತಟ್ಟಿ ಹೇಳಿದ ಮ್ಯಾಲ."

"ಎರಡು ಸಾವಿರ ಜನ ಹಿಡಿಯೋ ಛತ್ರ ಈಗ ಎಲ್ಲಿ ಸಿಗುತ್ತೆ ಹೇಳಿ," ಎಂದರು ಮೇಷ್ಟ್ರು, ಕೊನೆಯ ಹುಲ್ಲುಕಡ್ಡಿ ಹಿಡಿದುಕೊಂಡು.

"ಮಾಕಳ್ಯಾಗ ನಂದ ಐತಲ್ರೀ. ಕಾರ್ಖಾನಿ ಬಾಜೂಕ. ಮೂರು ತಿಂಗಳಿಂದ ಒಂದ ಲಗ್ನ ಆಗಿಲ್ಲ. ಬೀಗ್ರು ಅಂತ ಬಾಡಿಗಿ ಬಿಡ್ತಿದ್ದೆ. ಬಿಟ್ರ ರೊಕ್ಕ ತಿರಗೋದು ನಿಲ್ತದ, ನಿಮ್ಮ ಮಾತಿಗೆ ಅಪಮಾನ ಆಗ್ತದ."

ಒಳಬಾಗಿಲಲ್ಲಿ ನಿಂತಿದ್ದ ಶೈಲಾ ಅಪ್ಪನ ತೋಳು ಹಿಡಿದು, "ಹೂಂ ಅಂದ್ಬಿಡಪ್ಪ. ಎರಡು ವರ್ಷ ಆದ್ಮೇಲೆ ಒಪ್ಪಿದಾರೆ" ಎಂದು ಕಿವಿಯಲ್ಲಿ ಹೇಳಿದಳು. ಅವಳ ಕಣ್ಣಲ್ಲಿ ನೀರಿತ್ತು. ಮೇಷ್ಟ್ರು ಆ ಮುಖ ನೋಡಿದರು. ಇಷ್ಟು ಹೊತ್ತು ಸ್ಟೂಲಿನ ಮೇಲೆ ಬಂಡೆಯ ಹಾಗೆ ನಿಂತಿದ್ದ ಮನುಷ್ಯ ಅಲ್ಲಿ ಕರಗಿ ಹೂಂ ಎಂದರು. ತಾಂಬೂಲ ಬದಲಾಯಿತು. ಗಂಡಿನ ಕಡೆಯ ಹೆಂಗಸರು ಕೈ ತೊಳೆಯಲು ಅಡುಗೆಮನೆಗೆ ಹೋಗಿ, ಒಂದೇ ಮೂಟೆ ನೋಡಿ, ಮಾತಿನಂತೆ ನಡೆಯುವ ಮನೆ ಎಂದು ಹೊಗಳಿ ಬಂದರು. ಹೋಳಿಗೆ ಸಾಲದೆ ಹೋಯಿತು, ಯಾಕೆಂದರೆ ಬೀದಿಯವರನ್ನೂ ಮಡಿವಾಳಪ್ಪನವರೇ ಒಳಗೆ ಕರೆದು ಕೂರಿಸಿ, ಮದುವೆಗೂ ಕರೆದಿದ್ದರು.

ಬೀಗರನ್ನು ಹಳ್ಳ ದಾಟಿಸಿ ಬಂದಾಗ ಐದು ಗಂಟೆ. ವೇಣಿ ಖಾಲಿ ಪಾತ್ರೆಗಳ ನಡುವೆ ಕೂತಿದ್ದರು.

"ದುಡ್ಡಿಗೇನ್ ಮಾಡ್ತೀರಿ?"

"ಸಾಲ ಮಾಡಿ ಖರ್ಚು ಮಾಡೋದರಲ್ಲಿ ತಪ್ಪಿಲ್ಲ ಅಂತ ನಾನೇ ಹೇಳಿದ್ದೆ," ಎಂದರು ಮೇಷ್ಟ್ರು ಸಣ್ಣ ದನಿಯಲ್ಲಿ.

"ಅದು ಸರ್ಕಾರಕ್ಕೆ. ಅದಕ್ಕೆ ಸಾಲ ಕೊಡೋಕೆ ಜನ ಇದಾರೆ. ನಿಮಗ್ಯಾರಿದಾರೆ?"

ಆ ಪ್ರಶ್ನೆ ಪಠ್ಯದಲ್ಲಿ ಇರಲಿಲ್ಲ. ಮೇಷ್ಟ್ರು ಕಿಟಕಿ ತೆರೆದರು. ಹೊರಗೆ ಹನುಮಂತಯ್ಯ ಈಶ್ವರಮ್ಮನನ್ನು ಅವಸರ ಮಾಡಿಕೊಂಡು ಹೋಗುತ್ತಿದ್ದರು. ಇಬ್ಬರ ಕೈಯಲ್ಲೂ ಖಾಲಿ ಚೀಲಗಳಿದ್ದವು. ಏನು ವಿಷಯ ಎಂದು ಮೇಷ್ಟ್ರು ಕೂಗಿ ಕೇಳಿದರು.

"ಎರಡು ಸಾವ್ರ ಜನ, ಮೂರು ದಿವ್ಸ ಊಟ ಅಂದ್ರೆ ನಾಗಸಂದ್ರದಲ್ಲಿ ಅಕ್ಕಿ ಉಳಿತದಾ ಸಾ?" ಎಂದರು ಹನುಮಂತಯ್ಯ. "ಈ ಸಲ ನೀವು ಏನೂ ಯೋಳದೇ ಬ್ಯಾಡ. ನಮಗೇ ಗೊತ್ತಾಯ್ತು."

ಅವರ ಹಿಂದೆ ಪಕ್ಕದ ಮನೆಯವರು ಹೊರಟಿದ್ದರು, ಅವರ ಹಿಂದೆ ಹಿಂದಿನ ಬೀದಿಯವರು. ಮುರಿಗೆಪ್ಪ ಶಟರ್ ಪೂರಾ ಎತ್ತುವ ಸದ್ದು ಕೇಳಿಸಿತು. ಮೇಷ್ಟ್ರಿಗೆ ಕೂಗಿ ತಡೆಯಬೇಕೆನ್ನಿಸಿತು. ಬಾಯಿ ತೆರೆದರು. ಅಷ್ಟರಲ್ಲಿ ಎರಡು ಸಾವಿರ ಎಲೆಗೆ ಎಷ್ಟು ಅನ್ನ ಬೇಕಾದೀತು, ನಾಳೆ ಅದರ ಬೆಲೆ ಎಲ್ಲಿಗೆ ಹೋದೀತು ಎಂಬ ಲೆಕ್ಕ ತಲೆಯಲ್ಲಿ ತಾನಾಗಿಯೇ ನಡೆಯಿತು. ಉತ್ತರ ಹನುಮಂತಯ್ಯನವರದೇ ಬಂತು. ಎರಡನೇ ಸಲ ಮಾಡಿ ನೋಡಿದರು, ಆಗಲೂ ಅದೇ.

ಗೂಟದಲ್ಲಿದ್ದ ಚೀಲಗಳನ್ನೆಲ್ಲ ಬಾಚಿಕೊಂಡು ಮೇಷ್ಟ್ರು ಮೆಟ್ಟಿಲಿಳಿದರು. ಅವರು ತಲುಪುವಷ್ಟರಲ್ಲಿ ಸಾಲು ಹಳ್ಳದವರೆಗೆ ಬೆಳೆದಿತ್ತು. ಯಾರ ಮುಖವನ್ನೂ ನೋಡದೆ ಹೋಗಿ ಕೊನೆಯಲ್ಲಿ, ಮಲಕವ್ವನ ಹಿಂದೆ ನಿಂತುಕೊಂಡರು.